ಐದು ಮನೆಯ ಇಂಗ್ಲಿಷ್ ಪದಗಳು: ಕೊಟ್ಟ ಅಕ್ಷರದಿಂದ ಹುಡುಕುವ ಬಗೆ

ಗಂಗಾವತಿಯಲ್ಲಿ ಸಂಜೆ ಮನೆಪಾಠಕ್ಕೆ ಬರುವ ಮಕ್ಕಳನ್ನು ನಾನು ಮೊದಲ ದಿನ ಕೇಳುವ ಪ್ರಶ್ನೆ ಒಂದೇ: ರೇಷನ್ ಅಂಗಡಿಯ ಮುಂದೆ ನಾವು ನಿಲ್ಲುವ ‘ಕ್ಯೂ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ? “ಒಂದ ಐತ್ರೀ ಸರ್” ಎಂದು ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಕನ್ನಡದ ಲೆಕ್ಕದಲ್ಲಿ ಅದು ಸರಿಯೇ; ಕಕಾರ, ಅದರ ಕೆಳಗೆ ಯಕಾರದ ಒತ್ತು, ಮೇಲೊಂದು ದೀರ್ಘ, ಎಲ್ಲ ಸೇರಿ ಒಂದಕ್ಷರ. ಇಂಗ್ಲಿಷಿನಲ್ಲಿ ಮಾತ್ರ ಅದನ್ನು ಕ್ಯೂ, ಯು, ಇ, ಯು, ಇ ಎಂದು ಐದು ಅಕ್ಷರಗಳಲ್ಲಿ ಬರೆಯಬೇಕು, ಅವುಗಳಲ್ಲಿ ನಾಲ್ಕು ಸ್ವರಗಳು. ‘ಇಷ್ಟು ಅಕ್ಷರದ, ಇಂಥ ಅಕ್ಷರವಿರುವ ಪದಗಳನ್ನು ಅರ್ಥಸಹಿತ ಬರೆಯಿರಿ’ ಎಂಬ ಪ್ರಶ್ನೆಗೆ ನಮ್ಮ ಮಕ್ಕಳು ತಡವರಿಸಲು ಕಿವಿಯಿಂದ ಎಣಿಸುವ ಈ ಅಭ್ಯಾಸವೇ ಮುಖ್ಯ ಕಾರಣವೆಂದು ನನ್ನ ಅನಿಸಿಕೆ. ಪದಗಳು ಅವರ ಬಾಯಲ್ಲಿ ಬೇಕಾದಷ್ಟಿವೆ.

ಆದ್ದರಿಂದ ಮೊದಲು ಎಣಿಕೆಯನ್ನು ಕಣ್ಣಿಗೆ ಒಪ್ಪಿಸಬೇಕು. ಚೌಕಾಬಾರಕ್ಕೆ ಗೆರೆ ಎಳೆಯುವಂತೆ ನೋಟ್‌ಬುಕ್ಕಿನಲ್ಲಿ ಸಾಲಾಗಿ ಐದು ಮನೆ ಬರೆದುಕೊಳ್ಳಿ. ಒಂದು ಮನೆಗೆ ಒಂದೇ ಅಕ್ಷರ. ದಿನವೂ ಆಡುವ ಪದಗಳನ್ನೇ ಅದರಲ್ಲಿ ಕೂರಿಸಿ ನೋಡಿ. ಪವರ್, ಟೇಬಲ್, ಪೇಪರ್, ಫೋನ್, ಕೋರ್ಟ್, ನರ್ಸ್ ಎಲ್ಲವೂ ಐದು ಮನೆಯವೇ. ತುಂಗಭದ್ರೆಯ ನೀರು ತರುವ ಕೆನಾಲ್ ಐದು, ತೋರಣಗಲ್ಲಿನ ಸ್ಟೀಲ್ ಐದು, ಬಳ್ಳಾರಿಯಲ್ಲಿ ಹೊಲಿಯುವ ಜೀನ್ಸ್ ಐದು, ಅದರ ಬಟ್ಟೆಯಾದ ಡೆನಿಮ್ ಕೂಡ ಐದು.

ಇಲ್ಲಿ ಮಕ್ಕಳು ಎಡವುವ ಒಂದು ಜಾಗವಿದೆ. ಕಳೆದ ಮಳೆಗಾಲದಲ್ಲಿ ‘ಪಿ, ಡಿ, ವೈ ಮೂರೂ ಇರುವ, ನಮ್ಮ ಊರಿನ ಸುತ್ತ ಎಲ್ಲೆಲ್ಲೂ ಕಾಣುವ ಬೆಳೆ’ ಎಂಬ ಸುಳಿವು ಕೊಟ್ಟಿದ್ದೆ. ಗದ್ದೆಯ ದಾರಿಯಲ್ಲೇ ಪಾಠಕ್ಕೆ ಬರುವ ಏಳನೇ ತರಗತಿಯ ಹುಡುಗಿಗೆ ಪ್ಯಾಡಿ, ಅಂದರೆ ಭತ್ತ, ತಕ್ಷಣ ಹೊಳೆಯಿತು. ಆದರೆ ಪಿ, ಎ, ಡಿ, ವೈ ಎಂದು ತುಂಬಿದ ಮೇಲೆ ಒಂದು ಮನೆ ಖಾಲಿ ಉಳಿಯಿತೆಂದು ಸರಿಯಾದ ಉತ್ತರವನ್ನೇ ರಬ್ಬರಿನಿಂದ ಉಜ್ಜಿ, ಮತ್ತೆ ಯೋಚಿಸುತ್ತ ಕುಳಿತಳು. ಅದರಲ್ಲಿ ಡಿ ಎರಡು ಬಾರಿ ಬರುತ್ತದೆ. ಕನ್ನಡದಲ್ಲಿ ‘ಅಕ್ಕ’ ಎನ್ನುವಾಗ ಎರಡನೆಯ ಕಕಾರ ಒತ್ತಾಗಿ ಕೆಳಗಿಳಿದು ಬೇರೆ ಜಾಗ ಕೇಳುವುದಿಲ್ಲ, ಅದಕ್ಕೊಂದು ದನಿಯೂ ಇರುತ್ತದೆ. ಇಂಗ್ಲಿಷಿನ ಜೋಡಿ ಅಕ್ಷರ ದನಿಯಿಲ್ಲದೆಯೇ ಪೂರ್ತಿ ಒಂದು ಮನೆ ಹಿಡಿಯುತ್ತದೆ. ಲಾರಿ, ಗ್ಲಾಸ್, ಕ್ಲಾಸ್‌ಗಳೂ ಹೀಗೆಯೇ. ಒಂದು ಮನೆ ಉಳಿದರೆ ಪದ ತಪ್ಪೆಂದು ಅಳಿಸುವ ಮೊದಲು ಯಾವುದಾದರೂ ಅಕ್ಷರ ಇಮ್ಮಡಿಸಿದೆಯೇ ಎಂದು ನೋಡಬೇಕು.

ಇನ್ನು ಕೊಟ್ಟ ಅಕ್ಷರದ ಸ್ವಭಾವ ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ಕ್ಯೂ ಎಂಬ ಅಕ್ಷರ ಬಂದರೆ ಅದರ ಬಲಗಡೆ ಹೆಚ್ಚುಕಡಿಮೆ ಯಾವಾಗಲೂ ಯು ಇರುತ್ತದೆ, ಅದರಾಚೆ ಮತ್ತೊಂದು ಸ್ವರ. ಐದರಲ್ಲಿ ಎರಡು ಮನೆ ತಾವಾಗಿಯೇ ತುಂಬಿದವು. ಕ್ವಿಲ್ಟ್ ಎಂದರೆ ನಮ್ಮ ಮನೆಯ ಕೌದಿ, ಕ್ವೆಸ್ಟ್ ಎಂದರೆ ಹುಡುಕಾಟ, ಕ್ವೆರಿ ಎಂದರೆ ಸಂದೇಹದ ಪ್ರಶ್ನೆ, ಕ್ವೇಕ್ ಎಂದರೆ ನಡುಕ. ಕೋಟಾ ಎಂದರೆ ನಿಗದಿಯಾದ ಪಾಲು. 371ಜೆ ವಿಧಿಯ ಮೀಸಲಾತಿ ಇರುವ ನಮ್ಮ ಜಿಲ್ಲೆಗಳಲ್ಲಿ ಈ ಪದಕ್ಕೆ ಅರ್ಥ ಹೇಳಬೇಕಾಗಿಯೇ ಇಲ್ಲ. ಕ್ಯೂ ನಡುವೆ ಬರುವುದೂ ಉಂಟು: ಈಕ್ವಲ್ ಎಂದರೆ ಸಮ, ಸ್ಕ್ವಾಡ್ ಎಂದರೆ ದಳ, ಪರೀಕ್ಷೆಯ ದಿನ ಬರುವ ಫ್ಲೈಯಿಂಗ್ ಸ್ಕ್ವಾಡ್‌ನದ್ದೇ. ಕ್ವಯಟ್ ಮತ್ತು ಕ್ವೈಟ್ ಎರಡರಲ್ಲೂ ಅವೇ ಐದು ಅಕ್ಷರಗಳು. ಇ ಮುಂದೆ ಬಂದು ಟಿ ಕೊನೆಗೆ ನಿಂತರೆ ನಿಶ್ಶಬ್ದ, ಟಿ ಮುಂದೆ ಬಂದು ಇ ಕೊನೆಗೆ ಹೋದರೆ ‘ಸಾಕಷ್ಟು’ ಎಂಬ ಅರ್ಥ.

ದನಿಯಿಲ್ಲದ ಅಕ್ಷರಗಳ ಗುಂಪು ಇದಕ್ಕಿಂತ ದೊಡ್ಡದು. ಕೆ ಮತ್ತು ಎನ್ ಒಟ್ಟಿಗೆ ಪದದ ಮೊದಲಲ್ಲಿ ನಿಂತರೆ ಕೆ ಮೂಕ: ನೈಫ್ ಚಾಕು, ನಾಕ್ ಬಾಗಿಲು ಬಡಿಯುವುದು, ನೀಲ್ ಮೊಣಕಾಲೂರುವುದು, ನೀಡ್ ಹಿಟ್ಟು ನಾದುವುದು. ಈ ನೀಡ್‌ಗೂ ‘ಬೇಕು’ ಎಂಬರ್ಥದ ನಾಲ್ಕಕ್ಷರದ ನೀಡ್‌ಗೂ ಕಿವಿಗೆ ವ್ಯತ್ಯಾಸವೇ ಇಲ್ಲ, ಮನೆ ಎಣಿಸಿದರೆ ಮಾತ್ರ ತಿಳಿಯುತ್ತದೆ. ಡಬ್ಲ್ಯೂ ಮುಂದೆ ಆರ್ ಬಂದಾಗಲೂ ಇದೇ ಕಥೆ: ರೈಟ್ ಬರೆಯುವುದು, ರಿಸ್ಟ್ ಮಣಿಕಟ್ಟು, ರಾಂಗ್ ತಪ್ಪು. ಐ, ಜಿ, ಎಚ್, ಟಿ ನಾಲ್ಕನ್ನೂ ಕೊನೆಯ ನಾಲ್ಕು ಮನೆಗಳಲ್ಲಿ ಕೂರಿಸಿ ಮೊದಲ ಮನೆಯನ್ನಷ್ಟೇ ಬದಲಿಸುತ್ತ ಹೋದರೆ ಲೈಟ್, ನೈಟ್, ಫೈಟ್, ಸೈಟ್, ಟೈಟ್ ಸಿಗುತ್ತವೆ; ಇ ಇಟ್ಟರೆ ದನಿ ಬದಲಾಗಿ ‘ಏಟ್’, ಅಂದರೆ ಎಂಟು. ಸೈಟ್ ಎಂದೊಡನೆ ನಮಗೆ ಕಾಣುವುದು ಮನೆ ಕಟ್ಟುವ ಜಾಗ, ಆದರೆ ಅದು ನಾಲ್ಕಕ್ಷರದ್ದು. ಇಲ್ಲಿಯದು ನೋಟ, ದೃಷ್ಟಿ. ಜಿ ಮತ್ತು ಎಚ್ ಪದದ ಕೊನೆಗೆ ಬಂದರೆ ಲಾಫ್ ನಗು, ಕಾಫ್ ಕೆಮ್ಮು, ರಫ್ ಒರಟು ಎಂಬಲ್ಲಿ ಎಫ್‌ನ ದನಿ ಪಡೆಯುತ್ತವೆ. ಡೋ, ಅಂದರೆ ನಾದಿಟ್ಟ ಕಣಕ, ಎಂಬಲ್ಲಿ ಮತ್ತೆ ಮೌನ.

ಸ್ವರವೇ ಇಲ್ಲದ ಪದ ಕೇಳಿದರೆ ವೈ ಹಾಕಿ ನೋಡಿ. ಲಿಂಫ್ ಎಂದರೆ ದೇಹದ ದುಗ್ಧರಸ, ನಿಂಫ್ ಎಂದರೆ ಗ್ರೀಕ್ ಕಥೆಗಳ ವನದೇವತೆ, ಪಿಗ್ಮಿ ಎಂದರೆ ಗಿಡ್ಡ. ಅಂಗಡಿಯವರು ದಿನಾ ಕಟ್ಟುವ ಪಿಗ್ಮಿಯೂ ಇದೇ ಪದ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಆರಂಭಿಸಿದ ಆ ಯೋಜನೆಯ ಹೆಸರನ್ನು ಮೊದಲ ವೈ ಬದಲು ಐ ಹಾಕಿ ಬರೆದರು, ಆಗಲೂ ಮನೆ ಐದೇ.

ಸುಳಿವು ಏನೂ ಇಲ್ಲದೆ ಆರಂಭಿಸಬೇಕಾದರೆ ಹೆಚ್ಚು ಬಳಕೆಯ ಅಕ್ಷರಗಳಿಂದ ಹೊರಡುವುದು ಜಾಣತನ. ಇಂಗ್ಲಿಷ್ ಸ್ಕ್ರ್ಯಾಬಲ್ ಆಟದ 100 ಬಿಲ್ಲೆಗಳಲ್ಲಿ ಇ 12, ಎ ಮತ್ತು ಐ ತಲಾ 9, ಕ್ಯೂ ಮತ್ತು ಝಡ್ ತಲಾ ಒಂದೇ ಒಂದು. ಜೋಶ್ ವಾರ್ಡಲ್ 2021ರಲ್ಲಿ ಬಿಡುಗಡೆ ಮಾಡಿದ ವರ್ಡಲ್ ಆಟದಲ್ಲಿ ಐದಕ್ಷರದ ಪದವನ್ನು ಆರು ಯತ್ನಗಳಲ್ಲಿ ಹಿಡಿಯಬೇಕು. ಹಸಿರು ಬಂದರೆ ಅಕ್ಷರವೂ ಮನೆಯೂ ಸರಿ, ಹಳದಿಯಾದರೆ ಅಕ್ಷರ ಸರಿ, ಮನೆ ಬೇರೆ. ಎತ್ತುವುದು ಎಂಬರ್ಥದ ರೇಸ್ ಎಂಬ ಪದದಲ್ಲಿ ಮೂರು ಸ್ವರಗಳ ಜೊತೆಗೆ ಆರ್ ಮತ್ತು ಎಸ್ ಇರುವುದರಿಂದ ನಾನು ಅದರಿಂದಲೇ ಆರಂಭಿಸುತ್ತೇನೆ.

ಮೊಬೈಲ್ ಹೇಳಿದ ಪದವನ್ನು ನೋಟ್‌ಬುಕ್ಕಿಗೆ ಇಳಿಸುವ ಮುನ್ನ ನಿಘಂಟು ತೆರೆಯಬೇಕು. ಕಲರ್ ಎಂಬುದನ್ನು ಐದಕ್ಷರದ ಪಟ್ಟಿಯಲ್ಲಿ ನಾನೇ ಒಮ್ಮೆ ಬರೆಸಿ, ಮರುದಿನ ಮಕ್ಕಳ ಪಠ್ಯಪುಸ್ತಕದಲ್ಲಿ ಯು ಸೇರಿ ಆರಕ್ಷರವಿದ್ದುದನ್ನು ಕಂಡು ಪೆಚ್ಚಾದೆ. ಐದರದ್ದು ಅಮೆರಿಕದ ಕಾಗುಣಿತ. ಬುಕ್ ಎಂಬುದಕ್ಕೆ ಎಸ್ ಅಂಟಿಸಿ ಐದು ಮಾಡಿದ್ದನ್ನು ನಾನು ಒಪ್ಪುವುದಿಲ್ಲ, ಅರ್ಥದ ಜೊತೆ ಒಂದು ವಾಕ್ಯ ಬರೆಯದ ಪದಕ್ಕೆ ಅಂಕವನ್ನೂ ಕೊಡುವುದಿಲ್ಲ. ‘ಇ ಮೊದಲು, ಟಿ ಕೊನೆಗೆ, ನಡುವೆ ಎಲ್ಲೋ ಸಿ, ರಾಯಚೂರು ಜಿಲ್ಲೆಯಲ್ಲಿ ಬಂಡೆಯ ಮೇಲಿದೆ’ ಎಂದು ಮೊನ್ನೆ ಕೇಳಿದಾಗ, ಭತ್ತವನ್ನು ಅಳಿಸಿದ ಅದೇ ಹುಡುಗಿ ಎಡಿಕ್ಟ್ ಎಂದು ಐದೂ ಮನೆ ತುಂಬಿ, ಪಕ್ಕದಲ್ಲಿ ‘ರಾಜಾಜ್ಞೆ’ ಎಂದು ಅರ್ಥ ಬರೆದು, ಕೆಳಗೆ ವಾಕ್ಯವನ್ನೂ ಬರೆದಿದ್ದಳು: ‘ಮಸ್ಕಿಯ ಎಡಿಕ್ಟ್‌ನಲ್ಲಿ ಅಶೋಕನ ಹೆಸರಿದೆ.’