ಮಾಣಿಕ್ಯವೋ ಸ್ಪಿನೆಲ್ಲೋ? ನೀರಲ್ಲಿ ತೂಗಿ ನೋಡಿ

ಎರಡು ಕೆಂಪು ಹರಳು ಕೈಗೆ ಕೊಟ್ಟರೆ ಎಲ್ಲರೂ ಮೊದಲು ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾರೆ. ಬಣ್ಣವನ್ನು ನಂಬಲೇಬೇಡಿ. ಮಾಣಿಕ್ಯಕ್ಕೂ, ಅದರಂತೆಯೇ ಕಾಣುವ ಬೇರೊಂದು ಖನಿಜವಾದ ಕೆಂಪು ಸ್ಪಿನೆಲ್‌ಗೂ ಕೆಂಪು ಬರುವುದು ಕ್ರೋಮಿಯಂನಿಂದಲೇ. ಬ್ರಿಟನ್ನಿನ ರಾಜಕಿರೀಟದಲ್ಲಿರುವ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ಕೂಡ ಸ್ಪಿನೆಲ್ಲೇ, ಹೆಸರು ಮಾತ್ರ ಹಾಗೇ ಉಳಿದುಬಿಟ್ಟಿದೆ. ಯುವಿ (ನೇರಳಾತೀತ) ಟಾರ್ಚ್‌ಗೂ ಸುಮ್ನೆ ದುಡ್ಡು ಸುರಿಯಬೇಡಿ. ಅದರ ಬೆಳಕಲ್ಲಿ ಎರಡೂ ಕೆಂಪಗೆ ಮಿನುಗಬಲ್ಲವು.

ಹಂತ 1: ಹರಳನ್ನು ಸೋಪಿನ ನೀರಲ್ಲಿ ತೊಳೆದು ಒರೆಸಿ. ಉಂಗುರದಲ್ಲಿ ಕೂರಿಸಿದ್ದಾದರೆ ನೇರ 3ನೇ ಹಂತಕ್ಕೆ ಹೋಗಿ.

ಹಂತ 2: ಜನ ಎಡವುವುದು ಇಲ್ಲೇ. ಮೊದಲು ಹರಳನ್ನು ಒಣಗಿದ್ದಾಗಲೇ ತೂಗಿ ಬರೆದಿಡಿ. ಆಮೇಲೆ ತಕ್ಕಡಿಯ ಮೇಲೆ ಒಂದು ಲೋಟ ನೀರಿಡಿ. ತೆಳು ನೈಲಾನ್ ದಾರದ ಕುಣಿಕೆಯನ್ನು ಬರಿದಾಗಿ ಮುಳುಗಿಸಿ ತಕ್ಕಡಿಯನ್ನು ಸೊನ್ನೆಗೆ ತನ್ನಿ. ಈಗ ಅದೇ ಕುಣಿಕೆಗೆ ಹರಳು ಸಿಕ್ಕಿಸಿ, ಅಷ್ಟೇ ಆಳಕ್ಕೆ ಇಳಿಬಿಡಿ. ಹರಳು ತಳಕ್ಕೂ ಪಕ್ಕಕ್ಕೂ ತಾಗಬಾರದು, ತಾಗಿದರೆ ಲೆಕ್ಕವೆಲ್ಲ ಕೆಡುತ್ತದೆ. ಮೊದಲಿನ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿ. 4.0ರ ಆಸುಪಾಸು ಬಂದರೆ ಮಾಣಿಕ್ಯ, 3.6 ಬಂದರೆ ಸ್ಪಿನೆಲ್.

5 ಕ್ಯಾರೆಟ್ ಅಂದರೆ 1 ಗ್ರಾಂ. ಅಷ್ಟು ತೂಕದ ಮಾಣಿಕ್ಯ ನೀರಲ್ಲಿ 0.250 ಗ್ರಾಂ ತೋರಿಸಿದರೆ ಸ್ಪಿನೆಲ್ 0.278 ತೋರಿಸುತ್ತದೆ. 1 ಕ್ಯಾರೆಟ್ ಹರಳಲ್ಲಿ ಈ ಅಂಕಿಗಳು 0.050, 0.056ಕ್ಕೆ ಇಳಿಯುತ್ತವೆ. 0.01 ಗ್ರಾಂವರೆಗಷ್ಟೇ ತೋರಿಸುವ ಅಗ್ಗದ ಜೇಬು ತಕ್ಕಡಿಗೆ ಇಷ್ಟು ಸಣ್ಣ ಅಂತರ ಎಲ್ಲಿ ಕಾಣಬೇಕು? ಮಿಲಿಗ್ರಾಂ ತಕ್ಕಡಿಯೇ ಬೇಕು.

ಇನ್ನೊಂದು ಕಾಟ ಗಾಳಿಗುಳ್ಳೆ. ಹರಳಿಗೆ ಸಣ್ಣದೊಂದು ಗುಳ್ಳೆ ಅಂಟಿಕೊಂಡರೂ ಅಂಕಿ ಏರುತ್ತದೆ, ಮಾಣಿಕ್ಯ ಸ್ಪಿನೆಲ್‌ನಂತೆ ಕಾಣುತ್ತದೆ. ನಾನೇ ಒಮ್ಮೆ ಹೀಗೆ ಒಳ್ಳೆಯ ಮಾಣಿಕ್ಯವನ್ನು ಸ್ಪಿನೆಲ್ ಎಂದು ಪಕ್ಕಕ್ಕಿಟ್ಟಿದ್ದೆ. ಕುದಿಸಿ ಆರಿಸಿದ ನೀರಿಗೆ ಒಂದೇ ಹನಿ ಪಾತ್ರೆ ಸೋಪು ಹಾಕಿ, ಹರಳನ್ನು ಮೊದಲೇ ಒದ್ದೆ ಬ್ರಷ್‌ನಿಂದ ಸವರಿ. ಮೂರು ಸಲ ತೂಗಿ. ಮೂರೂ ಸಲ ಬೇರೆ ಬೇರೆ ಉತ್ತರ ಬಂದರೆ ಗುಳ್ಳೆ ಇದೆ ಅಂತಲೇ ಅರ್ಥ.

ಹಂತ 3: ಡೈಕ್ರೋಸ್ಕೋಪ್‌ನಲ್ಲಿ ನೋಡಿ. ಇದು ಹರಳಿನೊಳಗಿನ ಬಣ್ಣಗಳನ್ನು ಬೇರ್ಪಡಿಸಿ ಅಕ್ಕಪಕ್ಕದ ಎರಡು ಕಿಟಕಿಗಳಲ್ಲಿ ತೋರಿಸುವ ಸಣ್ಣ ಕೊಳವೆ. ಮಾಣಿಕ್ಯದಲ್ಲಿ ಒಂದು ಕಿಟಕಿ ಕಿತ್ತಳೆಗೆಂಪು, ಇನ್ನೊಂದು ನೇರಳೆಗೆಂಪು. ಸ್ಪಿನೆಲ್‌ನಲ್ಲಿ ಎರಡೂ ಒಂದೇ ಬಣ್ಣ. ಆದರೆ ಮೇಲಿನಿಂದ ಮಾತ್ರ ನೋಡಿ ತೀರ್ಪು ಕೊಡಬೇಡಿ. ಮಾಣಿಕ್ಯದಲ್ಲೂ ಒಂದು ದಿಕ್ಕಿನಿಂದ ಒಂದೇ ಬಣ್ಣ ಕಾಣುತ್ತದೆ. ಹರಳನ್ನು ಓರೆ ಮಾಡಿ, ಪಕ್ಕದಿಂದಲೂ ನೋಡಿ.

ಹಂತ 4: ರಿಫ್ರಾಕ್ಟೋಮೀಟರ್ (ಹರಳು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಅಳೆಯುವ ಉಪಕರಣ) ಸಿಕ್ಕರೆ ಮಾಣಿಕ್ಯ 1.762 ಮತ್ತು 1.770ರ ಸುಮಾರಿಗೆ ಎರಡು ಗೆರೆ ಕೊಡುತ್ತದೆ, ಸ್ಪಿನೆಲ್ 1.718ರ ಬಳಿ ಒಂದೇ. ಹರಳಿಗೂ ಉಪಕರಣದ ಗಾಜಿಗೂ ನಡುವೆ ಹಾಕುವ ದ್ರವ ಗುಂಡುಸೂಜಿ ತಲೆಯಷ್ಟು ಸಾಕು. ಜಾಸ್ತಿಯಾದರೆ ಸಣ್ಣ ಹರಳು ಅದರ ಮೇಲೆ ತೇಲುತ್ತದೆ.

ಗೀಚಿ ಗಟ್ಟಿತನ ನೋಡುವ ಚಪಲ ಬೇಡವೇ ಬೇಡ. ಗಟ್ಟಿತನದ ಮೋಸ್ ಮಾನದಲ್ಲಿ ಮಾಣಿಕ್ಯ 9, ಸ್ಪಿನೆಲ್ 8 ಅಂತ ಗೊತ್ತಿದ್ದರೆ ಸಾಕಲ್ವಾ?

ಉರಿಯಲ್ಲಿ ಕರಗಿಸಿ ಬೆಳೆಸಿದ ಕೃತಕ ಮಾಣಿಕ್ಯವೂ ಈ ಎಲ್ಲ ಅಂಕಿಗಳನ್ನೂ ಹಾಗೇ ಕೊಡುತ್ತದೆ. ಅದನ್ನು ಹಿಡಿಯಲು ಲೆನ್ಸ್ ಬೇಕು: ಹತ್ತು ಪಟ್ಟು ದೊಡ್ಡದಾಗಿಸಿ, ಒಳಗೆ ಬಾಗಿದ ಸಣ್ಣ ಗೆರೆಗಳೋ ದುಂಡು ಗುಳ್ಳೆಗಳೋ ಇವೆಯೇ ಎಂದು ಹುಡುಕಿ.