ಜಾಝ್ ಕಲಾವಿದರ ಅಡ್ಡಹೆಸರುಗಳನ್ನು ಕನ್ನಡದಲ್ಲಿ ಬರೆಯುವ ಬಗೆ

ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಬಗ್ಗೆ ಬರೆಯುವಾಗ ಅವರ ಅಡ್ಡಹೆಸರು 'ಬರ್ಡ್' ಅನ್ನುವುದನ್ನು 'ಹಕ್ಕಿ' ಮಾಡಬೇಡಿ. ಅದರ ಪೂರ್ತಿ ರೂಪ 'ಯಾರ್ಡ್‌ಬರ್ಡ್'. ಅಮೆರಿಕದ ಆಡುಮಾತಿನಲ್ಲಿ ಹಾಗೆಂದರೆ ಮನೆಯಂಗಳದಲ್ಲಿ ಮೇಯುವ ಕೋಳಿ. ಜೇ ಮೆಕ್‌ಶಾನ್ ಬ್ಯಾಂಡಿನೊಂದಿಗೆ ಊರೂರು ಸುತ್ತುವಾಗ ಕಾರಿಗೆ ಸಿಕ್ಕಿ ಸತ್ತ ಕೋಳಿಯನ್ನು ಪಾರ್ಕರ್ ಎತ್ತಿಕೊಂಡು ಹೋಗಿ ಅಡುಗೆ ಮಾಡಿಸಿದರು ಎಂಬುದು ಈ ಹೆಸರಿನ ಸುತ್ತ ಇರುವ ಕಥೆಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು. 'ಹಕ್ಕಿ' ಎಂದು ಬರೆದ ಕೂಡಲೇ ಓದುಗರ ಮನಸ್ಸು ಆಕಾಶಕ್ಕೆ ಹೋಗುತ್ತದೆ, ಕೋಳಿ ಕೈತಪ್ಪುತ್ತದೆ. ಕ್ಯಾನನ್‌ಬಾಲ್ ಆಡರ್ಲಿಯವರದ್ದೂ ಇದೇ ಕಥೆ. ಶಬ್ದಾರ್ಥ ಹಿಡಿದು 'ಫಿರಂಗಿ ಗುಂಡು' ಎಂದರೆ ಅವರ ನುಡಿಸಾಣಿಕೆಯ ಅಬ್ಬರಕ್ಕೆ ಇಟ್ಟ ಹೆಸರು ಅನ್ನಿಸುತ್ತದೆ. ಅಸಲಿಗೆ ಶಾಲೆಯ ಗೆಳೆಯರು ಅವರ ಊಟದ ಪರಿ ನೋಡಿ 'ಕ್ಯಾನಿಬಲ್', ಅಂದರೆ ನರಭಕ್ಷಕ, ಎಂದು ಕರೆದದ್ದು ಬಾಯಿಂದ ಬಾಯಿಗೆ ಹೋಗಿ ಹೀಗಾಯಿತು.

ಹಾಗಾಗಿ ಹೆಸರಿನ ಉಚ್ಚಾರವನ್ನು ಹಾಗೇ ಉಳಿಸಿಕೊಳ್ಳಿ. ಅರ್ಥವನ್ನು ಮೊದಲ ಸಲ ಬಂದಾಗ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ.

ಒಂದು ಎಚ್ಚರಿಕೆ: ಉತ್ತರ ಕರ್ನಾಟಕದಲ್ಲಿ 'ಅಡ್ಡಹೆಸರು' ಎಂದರೆ ಮನೆತನದ ಹೆಸರು. ಆ ಕಡೆಯ ಓದುಗರಿಗೆ ಬರೆಯುತ್ತಿದ್ದರೆ 'ಪ್ರೀತಿಯಿಂದ ಕರೆಯುವ ಹೆಸರು' ಎಂದುಬಿಡಿ, ಗೊಂದಲವಿರುವುದಿಲ್ಲ.

ಬರೆಯುವ ಮುಂಚೆ ಅದು ನಿಜಕ್ಕೂ ಅಡ್ಡಹೆಸರೇ ಎಂದು ನೋಡಿಕೊಳ್ಳಬೇಕು. ಹೆಚ್ಚು ತಪ್ಪಾಗುವುದು ಇಲ್ಲೇ. ಡ್ಯೂಕ್ ಎಲಿಂಗ್ಟನ್ ಅವರ ನಿಜನಾಮ ಎಡ್ವರ್ಡ್ ಕೆನಡಿ ಎಲಿಂಗ್ಟನ್. ಕೌಂಟ್ ಬೇಸಿಯವರದ್ದು ವಿಲಿಯಂ. ಕಿಂಗ್ ಆಲಿವರ್ ಅವರದ್ದು ಜೋಸೆಫ್. ಈ ಸಾಲಿಗೆ ಸೇರಿಸಿ ಅರ್ಲ್ ಹೈನ್ಸ್ ಅವರ 'ಅರ್ಲ್' ಕೂಡ ಪದವಿಯ ಹೆಸರೆಂದು ಬರೆದುಬಿಡುತ್ತಾರೆ. ಅದು ಹೆತ್ತವರು ಇಟ್ಟ ಹೆಸರು, ಅಡ್ಡಹೆಸರು 'ಫಾದಾ'. ಥೆಲೋನಿಯಸ್ ಸ್ಫಿಯರ್ ಮಂಕ್ ಎಂಬುದರಲ್ಲಿ ಒಂದಕ್ಷರವೂ ಅಡ್ಡಹೆಸರಲ್ಲ. ಇನ್ನು ಅಹ್ಮದ್ ಜಮಾಲ್, ಯೂಸೆಫ್ ಲತೀಫ್ ಎಂಬವು ಇಸ್ಲಾಂ ಸ್ವೀಕರಿಸಿದ ಮೇಲೆ ಅವರೇ ತಮಗೆ ಇಟ್ಟುಕೊಂಡ ಹೆಸರುಗಳು. ಅವನ್ನು ಉದ್ಧರಣ ಚಿಹ್ನೆಯೊಳಗೆ ಇಡುವುದು ಅಗೌರವ. ಜಮಾಲ್ ಅವರ ಹುಟ್ಟುಹೆಸರು ಫ್ರೆಡರಿಕ್ ರಸೆಲ್ ಜೋನ್ಸ್ ಎಂಬುದು ಜೀವನಚರಿತ್ರೆಯ ಭಾಗದಲ್ಲಿ ಒಮ್ಮೆ ಬಂದರೆ ಸಾಕು. 1953ರ ಟೊರಾಂಟೊ ಮ್ಯಾಸಿ ಹಾಲ್ ಕಛೇರಿಯ ರೆಕಾರ್ಡಿನಲ್ಲಿ ಪಾರ್ಕರ್ ಹೆಸರು 'ಚಾರ್ಲಿ ಚಾನ್' ಎಂದಿದೆ. ಅದೂ ಅಡ್ಡಹೆಸರಲ್ಲ, ಕರಾರಿನ ತೊಡಕು ತಪ್ಪಿಸಿಕೊಳ್ಳಲು ಹಾಕಿದ ಮುಖವಾಡ.

ಹೆಸರನ್ನು ಎಲ್ಲಿ ಕೂರಿಸಬೇಕು? ಮೊದಲ ಸಲ ಪೂರ್ತಿ ಬರೆಯಿರಿ: ಲೂಯಿಸ್ 'ಸ್ಯಾಚ್‌ಮೊ' ಆರ್ಮ್‌ಸ್ಟ್ರಾಂಗ್. ('ಲೂಯಿ' ಎಂದೂ ಕರೆಯುವವರಿದ್ದಾರೆ. ಆದರೆ 1964ರ 'ಹಲೋ, ಡಾಲಿ!' ರೆಕಾರ್ಡಿನಲ್ಲಿ ಅವರೇ ತಮ್ಮ ಹೆಸರನ್ನು 'ಸ್' ಹಚ್ಚಿ ಹಾಡುತ್ತಾರೆ, ಅದನ್ನೇ ಅನುಸರಿಸಿ.) ಮನೆತನದ ಹೆಸರಿನ ಚೂರೇ ಅಡ್ಡಹೆಸರಾಗಿದ್ದರೆ ನಡುವೆ ತುರುಕಬೇಡಿ. ಬಿಲ್ಲಿ ಹಾಲಿಡೇಯವರನ್ನು ಲೆಸ್ಟರ್ ಯಂಗ್ 'ಲೇಡಿ ಡೇ' ಎಂದರು, ಅದರಲ್ಲಿರುವ 'ಡೇ' ಹಾಲಿಡೇಯದ್ದೇ. ಬಿಲ್ಲಿ 'ಲೇಡಿ ಡೇ' ಹಾಲಿಡೇ ಎಂದರೆ ಕಿವಿಗೆ ತೊಡರುತ್ತದೆ. ಜಾನ್ ಕೋಲ್ಟ್ರೇನ್ ಅವರ 'ಟ್ರೇನ್' ಕೂಡ ಹಾಗೆಯೇ. ಗೌರವದ 'ಅವರು' ಮನೆತನದ ಹೆಸರಿಗೆ ಸೇರಲಿ. ಅಡ್ಡಹೆಸರಿನ ಸಲಿಗೆಗೆ ಅದು ಒಗ್ಗುವುದಿಲ್ಲ, ಕ್ರಿಯಾಪದದ ಬಹುವಚನವೇ ಗೌರವ ತೋರಿಸುತ್ತದೆ: 'ಪಾರ್ಕರ್ ಅವರು ನುಡಿಸಿದರು', ಆದರೆ 'ಬರ್ಡ್ ನುಡಿಸಿದರು'.

ಲಿಪಿಯ ವಿಷಯಕ್ಕೆ ಬಂದರೆ, 'ಜಾಝ್' ಎಂದು ಝಕಾರ ಬಳಸಿದ ಮೇಲೆ 'ಡಿಝಿ' ಗಿಲೆಸ್ಪಿ, ಲೆಸ್ಟರ್ ಯಂಗ್ ಅವರ ಅಡ್ಡಹೆಸರು 'ಪ್ರೆಝ್' ಎಂದೇ ಬರೆಯಿರಿ. 'ಡಿಜಿ' ಎಂದರೆ ಡಿಜಿಟಲ್ ನೆನಪಾಗುತ್ತದೆ. 'ಸ್ಯಾಚ್‌ಮೊ' ಟೈಪ್ ಮಾಡುವಾಗ 'ಚ್' ಆದ ಮೇಲೆ ಯೂನಿಕೋಡ್‌ನ 200ಸಿ ಸಂಕೇತ ಹಾಕದಿದ್ದರೆ ಮಕಾರ ಒತ್ತಕ್ಷರವಾಗಿ ಕೆಳಗಿಳಿದು 'ಸ್ಯಾಚ್ಮೊ' ಆಗುತ್ತದೆ. ಕಣ್ಣಿಗೆ ಸಣ್ಣ ವ್ಯತ್ಯಾಸ, ಕಂಪ್ಯೂಟರಿಗೆ ಎರಡು ಬೇರೆ ಪದ. ಒಂದು ಕಡತದಲ್ಲಿ ಒಂದೇ ರೂಪ ಇರಲಿ.

ರಚನೆಗಳ ಶೀರ್ಷಿಕೆಯಲ್ಲಿ ಅಡ್ಡಹೆಸರು ಅಡಗಿ ಕೂತಿರುತ್ತದೆ, ಕೊನೆಯ 'ಸ್' ಯಾರದ್ದೆಂದು ನೋಡಿ. 'ಜೀಪ್ಸ್ ಬ್ಲೂಸ್'ನಲ್ಲಿ ಅದು ಷಷ್ಠಿ ವಿಭಕ್ತಿಯ ಗುರುತು, ಜಾನಿ ಹಾಜಸ್ ಅವರ ಅಡ್ಡಹೆಸರು ಬರೀ 'ಜೀಪ್'. 'ಬ್ಯಾಗ್ಸ್ ಗ್ರೂವ್'ನಲ್ಲಿ ಅದು ಹೆಸರಿಗೇ ಸೇರಿದ್ದು. ಮಿಲ್ಟ್ ಜಾಕ್ಸನ್ ಅವರ ಕಣ್ಣಿನ ಕೆಳಗೆ ಊದಿಕೊಂಡ ಚೀಲಗಳಿಂದ ಬಂದ ಹೆಸರು 'ಬ್ಯಾಗ್ಸ್', 'ಬ್ಯಾಗ್' ಅಲ್ಲ. 'ನ್ಯೂಕ್ಸ್ ಟೈಮ್' ಸಾನಿ ರಾಲಿನ್ಸ್ ಅವರ ಆಲ್ಬಮ್. ಬೇಸ್‌ಬಾಲ್ ಆಟಗಾರ ಡಾನ್ ನ್ಯೂಕಂಬ್ ಅವರನ್ನು ಹೋಲುತ್ತಿದ್ದರೆಂದು 'ನ್ಯೂಕ್'.

ಸಂಗ್ರಹ ಜೋಡಿಸುವಾಗ ಮನೆತನದ ಹೆಸರು ಮೊದಲು, ಆಮೇಲೆ ಕೊಟ್ಟ ಹೆಸರು, ಕೊನೆಗೆ ಅಡ್ಡಹೆಸರು: 'ಪಾರ್ಕರ್, ಚಾರ್ಲಿ, ಬರ್ಡ್'. ಅಡ್ಡಹೆಸರನ್ನು ಮುಂದಿಟ್ಟರೆ ರಾಲಿನ್ಸ್, ಸ್ಟಿಟ್, ಕ್ಲಾರ್ಕ್, ಗ್ರೀರ್ ಎಂಬ ನಾಲ್ವರು ಸಾನಿಗಳು ಒಂದೇ ಕಡೆ ರಾಶಿ ಬೀಳುತ್ತಾರೆ. ಸನ್ ರಾ, ಮುಂಬೈಯ ಗೋವನ್ ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ ಇಂಥವರ ಹೆಸರು ಮಾತ್ರ ಒಡೆಯದೆ ಇಡಿಯಾಗಿರಲಿ.

ಕನ್ನಡದಲ್ಲಿ ಅಡ್ಡಹೆಸರನ್ನು ಯಾವತ್ತೂ ಬಿಡಬಾರದ ಜೋಡಿಯೊಂದಿದೆ. ಕೌಂಟ್ ಬೇಸಿ ಬ್ಯಾಂಡಿನ ಡ್ರಮ್ ವಾದಕ ಜೋ ಜೋನ್ಸ್ ಒಬ್ಬರು, ಮೈಲ್ಸ್ ಡೇವಿಸ್ ಅವರ ಮೊದಲ ಪ್ರಸಿದ್ಧ ಐವರ ತಂಡ, ಅಂದರೆ ಕ್ವಿಂಟೆಟ್‌ನ ಡ್ರಮ್ ವಾದಕ ಜೋ ಜೋನ್ಸ್ ಇನ್ನೊಬ್ಬರು. ಇಂಗ್ಲಿಷಿನಲ್ಲಿ ಎರಡನೆಯವರ 'ಜೋ'ಗೆ ಒಂದಕ್ಷರ ಹೆಚ್ಚು, ನಮ್ಮ ಲಿಪಿಯಲ್ಲಿ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ತೀರಿಕೊಂಡ ವರ್ಷ ನೋಡಿ ಬೇರ್ಪಡಿಸೋಣವೆಂದರೆ ಅದೂ ಒಂದೇ: ಒಬ್ಬರು 1985ರ ಸೆಪ್ಟೆಂಬರ್ 3ರಂದು, ಇನ್ನೊಬ್ಬರು ಅದಕ್ಕೆ ನಾಲ್ಕು ದಿನ ಮೊದಲು, ಆಗಸ್ಟ್ 30ರಂದು. ಆದ್ದರಿಂದ ಬೇಸಿಯವರ ಬ್ಯಾಂಡಿನವರನ್ನು ಪ್ರತಿಸಲವೂ 'ಪಾಪಾ ಜೋ' ಎಂದು, ಫಿಲಡೆಲ್ಫಿಯಾದವರಾದ ಎರಡನೆಯವರನ್ನು ನಾವು ಸಂಗೀತಗಾರರ ಹೆಸರಿನ ಮುಂದೆ ಊರು ಸೇರಿಸುವಂತೆಯೇ 'ಫಿಲ್ಲಿ ಜೋ' ಎಂದು ಬರೆಯಿರಿ.