ಟ್ರೇಲರ್ ಸಿಂಕಿಗೆ ಸ್ಪ್ರೇಯರ್ ಪಂಪ್ ಕೂರಿಸಿದ್ದು

ಶಿರಸಿ ಕಡೆಯ ನಮ್ಮಂಥವರಿಗೆ ನೀರು ಅಂದರೆ ಮೇಲಿಂದ ಕೆಳಗೆ ತಾನಾಗಿ ಬರುವಂಥದ್ದು. ನಮ್ಮ ಮನೆಗೂ ಗುಡ್ಡದಿಂದ ಬರುವ ಅಬ್ಬಿ ನೀರೇ. ಮೊದಲು ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ. ಹಾಗಾಗಿ ಪ್ರವಾಸಕ್ಕೆ ಗಾಡಿಯ ಹಿಂದೆ ಎಳೆದುಕೊಂಡು ಹೋಗುವ, ಒಳಗೇ ಮಲಗುವ ಸಣ್ಣ ಟ್ರೇಲರ್ ಕಟ್ಟಿಸಿದಾಗ ಸಿಂಕಿನ ಮೇಲೊಂದು ಸ್ಟ್ಯಾಂಡ್ ಹೊಡೆದು, 20 ಲೀಟರ್ ಕ್ಯಾನ್ ಇಟ್ಟು, ಅದಕ್ಕೇ ಪೈಪು ಕೊಟ್ಟು ನಲ್ಲಿ ಕೂರಿಸಿಬಿಟ್ಟೆ. ಪಂಪ್ ಬೇಡ, ವೈರಿಂಗ್ ಬೇಡ, ಇಷ್ಟೇ ಅಲ್ವಾ ಅಂದುಕೊಂಡೆ.

ನೀರು ಬಂತು, ದಾರದಷ್ಟು. ಹತ್ತು ಮೀಟರ್ ಎತ್ತರದಿಂದ ಬಂದರೆ ಚದರ ಸೆಂಟಿಮೀಟರಿಗೆ ಒಂದು ಕೆಜಿ ಪ್ರೆಶರ್ ಸಿಗುತ್ತದೆ. ನನ್ನ ಕ್ಯಾನ್ ಇದ್ದದ್ದು ನಲ್ಲಿಗಿಂತ ಎರಡು ಅಡಿ ಮೇಲೆ. ಒಂದು ದೋಸೆ ಕಾವಲಿ ತೊಳೆಯುವಷ್ಟರಲ್ಲಿ ಇನ್ನೊಂದು ದೋಸೆ ಹೊಯ್ದು ತಿನ್ನಬಹುದಿತ್ತು. ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆನೋ ಏನೋ, ಆದರೆ ದೇವಿಮನೆ ಘಟ್ಟ ಇಳಿಯುವಾಗ ಆ 20 ಕೆಜಿ ಒಂದೊಂದು ತಿರುವಿಗೂ ಒಂದೊಂದು ಕಡೆ ಎಳೆದು ಸ್ಟ್ಯಾಂಡಿನ ಸ್ಕ್ರೂಗಳನ್ನು ಕಿತ್ತು, ಕುಮಟಾದಲ್ಲಿ ಬಾಗಿಲು ತೆಗೆದರೆ ಹಾಸಿಗೆ ಪೂರ್ತಿ ಒದ್ದೆ. ನೀರಿನ ಕ್ಯಾನ್ ಯಾವತ್ತೂ ನೆಲದ ಮೇಲೆ, ಆದಷ್ಟು ಚಕ್ರದ ಆಕ್ಸಲ್ ಹತ್ತಿರ ಇರಬೇಕು. ಹಿಂದೆ ಇಟ್ಟರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ.

ಕ್ಯಾನ್ ಕೆಳಗೆ ಬಂದ ಮೇಲೆ ಪಂಪ್ ಬೇಕೇ ಬೇಕು. ಕ್ಯಾಂಪರ್ ಪಂಪ್ ಅಂತ ಮಾರುವುದರ ಬೆಲೆ ನೋಡಿ ಸುಮ್ಮನಾದೆ. ಆಮೇಲೆ ಹೊಳೆಯಿತು, ನಮ್ಮ ಕೊಟ್ಟಿಗೆಯಲ್ಲಿ ನೇತಾಡುವ ಬ್ಯಾಟರಿ ಸ್ಪ್ರೇಯರ್ ಒಳಗೆ ಇರುವುದೂ ಇಂಥದ್ದೇ! 12 ವೋಲ್ಟಿನ ಡಯಾಫ್ರಾಮ್ ಪಂಪ್, ಅಂದರೆ ಒಳಗಿನ ರಬ್ಬರ್ ಪರದೆ ಹಿಂದೆ ಮುಂದೆ ಆಡಿ ನೀರು ತಳ್ಳುವಂಥದ್ದು, ತಲೆಯ ಮೇಲೆ ಪ್ರೆಶರ್ ಸ್ವಿಚ್. ನಲ್ಲಿ ತೆಗೆದು ಪ್ರೆಶರ್ ಇಳಿದರೆ ಶುರು, ಮುಚ್ಚಿ ಪ್ರೆಶರ್ ಏರಿದರೆ ಬಂದ್. ತೋಟದ ಸಾಮಾನಿನ ಅಂಗಡಿಯಲ್ಲಿ ಪಂಪ್ ಒಂದೇ ಬಿಡಿಯಾಗಿ ಸಿಗುತ್ತದೆ. ಆದರೆ ಹೊಸದನ್ನೇ ತನ್ನಿ. ಅಡಿಕೆಯ ಕೊಳೆ ರೋಗಕ್ಕೆ ಮೈಲುತುತ್ತದ ಔಷಧಿ ಹೊಡೆದ ಪಂಪನ್ನು ಎಷ್ಟು ತೊಳೆದರೂ ಪಾತ್ರೆ ತೊಳೆಯುವ ನೀರಿಗೆ ಹಾಕಬೇಡಿ. ಹೊಸ ಪಂಪ್ ಆದರೂ ಕುಡಿಯುವ ನೀರನ್ನು ನಾವು ಅದರಲ್ಲಿ ಬಿಡುವುದಿಲ್ಲ, ಅದಕ್ಕೆ ಬೇರೆ ಕೊಡ ಇದೆ.

ಜೋಡಣೆ ಸರಳ: ಕ್ಯಾನ್, ಫಿಲ್ಟರ್, ಪಂಪ್, ನಲ್ಲಿ. ಫಿಲ್ಟರ್ ಪಂಪಿನ ಮೊದಲೇ ಇರಲಿ, ಒಂದು ಮರಳಿನ ಹರಳು ಒಳಗೆ ಹೋಗಿ ವಾಲ್ವಿನಲ್ಲಿ ಕೂತರೂ ಪಂಪ್ ಎಳೆಯುವುದನ್ನೇ ಬಿಡುತ್ತದೆ. ಪೈಪು ನೂಲು ಹೆಣೆದ ದಪ್ಪದ್ದು ತನ್ನಿ. ನಾನು ಮೊದಲು ತೆಳು ಪಾರದರ್ಶಕ ಪೈಪು ಹಾಕಿದ್ದೆ. ಬಿಸಿಲಿಗೆ ಮೆತ್ತಗಾಗಿ ಎಳೆಯುವ ಕಡೆ ಚಪ್ಪಟೆಯಾಯಿತು, ಎರಡೇ ವಾರಕ್ಕೆ ಒಳಗೆ ಹಸಿರು ಪಾಚಿಯೂ ಬಂತು. ಕ್ಯಾನಿನ ಮುಚ್ಚಳಕ್ಕೆ ಗಾಳಿ ಹೋಗಲು ಸಣ್ಣ ತೂತು ಬೇಕು. ನಾನು ಮರೆತಿದ್ದೆ. ಅರ್ಧ ನೀರು ಖಾಲಿಯಾಗುವಷ್ಟರಲ್ಲಿ ಕ್ಯಾನ್ ಏಕಾದಶಿ ಉಪವಾಸ ಮಾಡಿದವರ ಹಾಗೆ ಹೊಟ್ಟೆ ಒಳಗೆ ಹಾಕಿಕೊಂಡು ಕೂತಿತ್ತು.

ನಿಜವಾದ ತಲೆನೋವು ಶುರುವಾದದ್ದು ಕಾರವಾರದ ಮಾಜಾಳಿಯಲ್ಲಿ, ಮೊದಲ ರಾತ್ರಿ. ಎಲ್ಲರೂ ಮಲಗಿದ್ದೇವೆ, ನಲ್ಲಿ ಬಂದ್ ಇದೆ. ಹತ್ತು ನಿಮಿಷಕ್ಕೊಮ್ಮೆ ಪಂಪ್ "ಗುರ್ರ್" ಅಂದು ನಿಲ್ಲುತ್ತದೆ. ಮತ್ತೆ ಗುರ್ರ್. ಕತ್ತಲಲ್ಲೇ ಭಾವ ಹೇಳಿದ, "ಭಾವ, ನಿನ್ನ ಪಂಪಿಗೆ ಕೆಮ್ಮು ಬಂಜು ಕಾಣ್ತು." ಪಂಪ್ ಹೀಗೆ ಗುರ್ರ್ ಅನ್ನುವುದರ ಅರ್ಥ ಪಂಪಿನಿಂದ ನಲ್ಲಿಯವರೆಗಿನ ದಾರಿಯಲ್ಲಿ ಎಲ್ಲೋ ಹನಿ ಸೋರುತ್ತಿದೆ, ಪ್ರೆಶರ್ ಇಳಿದಾಗೆಲ್ಲ ಸ್ವಿಚ್ ಎಚ್ಚರಾಗುತ್ತದೆ. ಬೆಳಿಗ್ಗೆ ಒಣ ಪೇಪರ್ ಸುತ್ತಿ ನೋಡಿದೆ. ನಲ್ಲಿಯ ಕೆಳಗಿನ ನಟ್ಟಿನಲ್ಲಿ ಒದ್ದೆ. ಟೆಫ್ಲಾನ್ ಟೇಪ್ ಬಿಚ್ಚಿ ಮತ್ತೆ ಸುತ್ತಿದೆ, ಕೆಮ್ಮು ನಿಂತಿತು.

ಆದರೆ ನಲ್ಲಿ ತೆಗೆದರೆ ನೀರಿನ ಜೊತೆ ಗಾಳಿ, ಫುಸ್ ಫುಸ್. ಎಲ್ಲ ಜಾಯಿಂಟ್ ಸವರಿದರೂ ಬೆರಳು ಒಣಾ ಒಣ. ಅರ್ಧ ದಿನ ಇದರಲ್ಲೇ ಹೋಯಿತು, ಉಳಿದವರೆಲ್ಲ ಸಮುದ್ರದಲ್ಲಿ ಆಡಿ ಬಂದರು. ಕೊನೆಗೆ ಅರ್ಥವಾಯಿತು. ಪಂಪಿನ ಹಿಂದಿನ ಕಡೆ, ಅಂದರೆ ಕ್ಯಾನಿನಿಂದ ಪಂಪಿನವರೆಗಿನ ದಾರಿಯಲ್ಲಿ ಸೋರಿದರೆ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದು ಕಣ್ಣಿಗೆ ಕಾಣುವುದಾದರೂ ಹೇಗೆ? ತುಂಬಿದ ಕ್ಯಾನನ್ನು ಎತ್ತಿ ಮಂಚದ ಮೇಲೆ, ಅಂದರೆ ಪಂಪಿಗಿಂತ ಎತ್ತರದಲ್ಲಿ ಇಟ್ಟು ಪಂಪನ್ನು ಒಮ್ಮೆ ಓಡಿಸಿ ಪೈಪು ತುಂಬಿಸಿದೆ. ಈಗ ನೀರೇ ಹೊರಗೆ ತಳ್ಳುತ್ತದೆ. ಟೀ ಕುಡಿದು ಬರುವಷ್ಟರಲ್ಲಿ ಫಿಲ್ಟರ್ ಬಟ್ಟಲಿನ ಅಂಚಿಗೆ ಒಂದು ಹನಿ ಜೋತು ಬಿದ್ದಿತ್ತು. ಬಿಚ್ಚಿದರೆ ವಾಷರಿನ ಕೆಳಗೆ ಸಾಸಿವೆಗಿಂತ ಚಿಕ್ಕ ಮರಳಿನ ಹರಳು. ಮರಳು ತಡೆಯಲು ಇಟ್ಟ ಫಿಲ್ಟರ್ ಇದು!

ವೈರಿಂಗ್ ಬಗ್ಗೆ ಜಾಸ್ತಿ ಇಲ್ಲ. ನನ್ನ ಪಂಪ್ ಮೂರು ಆಂಪಿಯರ್ ಒಳಗೇ ಎಳೆಯುತ್ತದೆ, ಬ್ಯಾಟರಿಯ ಪ್ಲಸ್ ಹತ್ತಿರ 5 ಆಂಪಿಯರ್ ಫ್ಯೂಸ್ ಹಾಕಿದ್ದೇನೆ. ಬಾಗಿಲ ಬಳಿ ಒಂದು ಸ್ವಿಚ್ ಇರಲೇಬೇಕು, ಯಾಕೆಂದರೆ ಕ್ಯಾನ್ ಖಾಲಿಯಾದರೆ ಪ್ರೆಶರ್ ಏರುವುದೇ ಇಲ್ಲ, ಪಂಪ್ ನಿಲ್ಲುವುದೂ ಇಲ್ಲ, ನೀವು ಬೀಚಿನಿಂದ ಬರುವಷ್ಟರಲ್ಲಿ ಬ್ಯಾಟರಿ ಮುಗಿದಿರುತ್ತದೆ. ಈಗ ಲೀಟರ್ ಚೊಂಬು 20 ಸೆಕೆಂಡಿಗೆ ತುಂಬುತ್ತದೆ, ಸಾಕು. ಇನ್ನೂ ಜೋರಾದರೆ ಸಣ್ಣ ಸಿಂಕಿನಿಂದ ನೀರು ಮೈಮೇಲೆ ಸಿಡಿಯುತ್ತದೆ.

ತೊಳೆದ ನೀರಿಗೂ ಸಿಂಕಿನ ಕೆಳಗೆ ಒಂದು ಕ್ಯಾನ್, ಒಳ್ಳೆ ನೀರಿನ ಕ್ಯಾನಿಗಿಂತ ಚಿಕ್ಕದಾಗಬಾರದು. ಆ ಪೈಪಿನಲ್ಲಿ ಒಂದು ಬಗ್ಗು ಬಿಟ್ಟು ನೀರು ನಿಲ್ಲುವಂತೆ ಮಾಡಿ, ಇಲ್ಲದಿದ್ದರೆ ನಿನ್ನೆಯ ಸಾಂಬಾರಿನ ವಾಸನೆ ರಾತ್ರಿ ವಾಪಸ್ ಬರುತ್ತದೆ. ಆ ಕೊಳೆ ನೀರನ್ನು ಬೀಚಿನ ಮರಳಿಗೆ ಚೆಲ್ಲಬೇಡಿ ಮಾರಾಯರೇ. ಮನೆಗೆ ಬಂದ ಮೇಲೆ ಒಳ್ಳೆ ನೀರಿನ ಕ್ಯಾನ್ ತುಂಬಿಸಿ 20 ಎಂಎಲ್ ಬ್ಲೀಚ್ ಹಾಕುತ್ತೇನೆ, ಪರಿಮಳ ಇಲ್ಲದ 5 ಪರ್ಸೆಂಟಿನದ್ದು. ಪೈಪಿಗೂ ಹರಿಸಿ ನಾಲ್ಕು ತಾಸು ಬಿಟ್ಟು, ಚೆನ್ನಾಗಿ ತೊಳೆದು, ಎಲ್ಲ ಖಾಲಿ ಮಾಡಿ ಒಣಗಿಸುತ್ತೇನೆ.

ಸಮುದ್ರದ ಗಾಳಿಗೆ ಪೈಪಿನ ಕ್ಲಿಪ್ಪುಗಳು ಒಂದೇ ಪ್ರವಾಸಕ್ಕೆ ಕೆಂಪಾಗಿವೆ. ಮುಂದಿನ ಸಲಕ್ಕೆ ಸ್ಟೀಲಿನದ್ದು ತರಬೇಕು, ಜೊತೆಗೆ ಪಂಪಿನ ಅಡಿಗೆ ಹಳೇ ಟಯರಿನ ತುಂಡು. ಪ್ಲೈವುಡ್ ಮೇಲೆ ಕೂತ ಪಂಪ್ ಈಗಲೂ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿದೆ.